ಚೆಂಡಿನ ಮೇಲಣ ಗೆರೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರು ತಾಲೂಕುಗಳ ಎಲ್ಲೆಗಳು ಒಂದಕ್ಕೊಂದು ಸಮೀಪಿಸುವ ಸಿದ್ಧಕಟ್ಟೆಯ ಸುತ್ತಿನಲ್ಲಿ ಬಾಲ್ಯವನ್ನು ಕಳೆದ ನನ್ನಂಥವನಿಗೆ, ಕೈ ಕೆಲಸಕ್ಕೆ ತೊಡಗುವ ಮುನ್ನ ಕಣ್ಣು ಒಂದು ಗೆರೆಯನ್ನು ಕಂಡುಕೊಂಡಿರಬೇಕೆಂಬುದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲೆಲ್ಲಿಯೂ ನೋಡಿ ಕಲಿತ ಪಾಠವಾಗಿತ್ತು. ಮರ ಸೀಳುವವರು ಮಸಿ ಬಳಿದ ನೂಲನ್ನು ದಿಮ್ಮಿಯ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಎಳೆದು ಹಿಡಿದು, ನಡುವೆ ಎರಡು ಬೆರಳಿನಿಂದ ಮೇಲಕ್ಕೆತ್ತಿ ಬಿಟ್ಟೊಡನೆ, ತೊಗಟೆ ತೆಗೆದ ಮರದ ಹಳದಿ ಮೈಮೇಲೆ ಕಪ್ಪಾದ ಒಂದು ರೇಖೆ ಮೂಡುತ್ತಿತ್ತು. ಆಮೇಲೆ ಗರಗಸಕ್ಕೆ ಆಲೋಚಿಸುವ ಕೆಲಸವಿರಲಿಲ್ಲ, ಅನುಸರಿಸುವ ಕೆಲಸ ಮಾತ್ರ ಉಳಿಯುತ್ತಿತ್ತು. ಮುರಕಲ್ಲಿನ ಗೋಡೆಗೆ ವರಸೆಯಿಡುವವನು ನೂಲು ಕಟ್ಟದೆ ಎರಡನೆಯ ಕಲ್ಲನ್ನು ಇಡುತ್ತಿರಲಿಲ್ಲ. ಅಡಕೆಯ ಸಸಿಗೆ ಗುಂಡಿ ತೆಗೆಯುವವನು ಹಗ್ಗ ಹಿಡಿದು ಗೂಟ ಹೊಡೆಯದೆ ಹಾರೆಯನ್ನು ಎತ್ತುತ್ತಿರಲಿಲ್ಲ. ನಾಟಕವನ್ನು ನಡೆಸುವವನಿಗೆ ಸಲ್ಲುವ ಸೂತ್ರಧಾರನೆಂಬ ಸಂಸ್ಕೃತ ಶಬ್ದವು ನೂಲು ಹಿಡಿಯುವ ಬಡಗಿಗೂ ಸಲ್ಲುವುದೆಂದು ಮುಂದೆ ಓದಿ ತಿಳಿದಾಗ, ಆ ಅರ್ಥದ ಔಚಿತ್ಯವನ್ನು ನಾನು ಪುಸ್ತಕದಿಂದ ಅರಿಯಬೇಕಾಗಿರಲಿಲ್ಲ.

ಕ್ರೀಡೆಯಲ್ಲಿಯೂ ನಮ್ಮ ಸೀಮೆಗೆ ಗುರುತಿನ ಮಹತ್ತ್ವ ಹೊಸದಲ್ಲ. ಸಿದ್ಧಕಟ್ಟೆಗೆ ಹತ್ತಿರದ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ ಎಂಬ ಹೆಸರಿನ ಜೋಡುಕರೆಗಳಲ್ಲಿ, ಎಂದರೆ ಕೋಣಗಳು ಓಡುವ ಜೋಡಿ ಕೆಸರುಹಾದಿಗಳಲ್ಲಿ, ನಡೆಯುವ ಕಂಬಳವನ್ನು ನೋಡಿದವರಿಗೆ ಕೆನೆಹಲಗೆಯ ಓಟ ನೆನಪಿರದೆ ಹೋಗದು. ಅಲ್ಲಿ ಕೋಣಗಳ ವೇಗಕ್ಕಿಂತಲೂ, ಅವುಗಳ ಹಿಂದೆ ಹಲಗೆಯ ಮೇಲೆ ಒಂಟಿಕಾಲೂರಿ ನಿಂತವನು ಆ ಹಲಗೆಯ ರಂಧ್ರಗಳಿಂದ ಕರೆಯ ನೀರನ್ನು ಎಷ್ಟು ಎತ್ತರಕ್ಕೆ ಚಿಮ್ಮಿಸಿದನೆಂಬುದೇ ಪ್ರಧಾನ. ಆ ಎತ್ತರವನ್ನು ತೀರ್ಮಾನಿಸುವುದಕ್ಕಾಗಿ ಕರೆಗೆ ಅಡ್ಡಲಾಗಿ ಮೇಲೆ ಕಟ್ಟಿದ ಬಿಳಿಯ ಬಟ್ಟೆಗೆ ನಿಶಾನೆಯೆಂದು ಹೆಸರು. ಆರೂವರೆ ಕೋಲಿನ ನಿಶಾನೆ, ಏಳೂವರೆ ಕೋಲಿನ ನಿಶಾನೆ ಎಂದು ಅದರ ಪ್ರಮಾಣಗಳು. ಒದ್ದೆಯಾದ ಬಟ್ಟೆ ಸಾಕ್ಷಿ ನುಡಿದ ಮೇಲೆ ವಾದಕ್ಕೆ ಎಡೆಯಿಲ್ಲ.

ಇಂಥ ಊರಿನಲ್ಲಿ ಗಾಲ್ಫ್ ಆಟದ ಮಾತು ತೆಗೆಯುವುದೇ ಅಸಂಗತವೆಂದು ಓದುಗರಿಗೆ ತೋರಬಹುದು. ಸಿದ್ಧಕಟ್ಟೆಯಲ್ಲಿ ಗಾಲ್ಫ್ ಮೈದಾನವಿಲ್ಲ. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ, ವಾಮಂಜೂರಿನ ಬಳಿ, ಮೂಡುಶೆಡ್ಡೆಯ ಪಿಲಿಕುಳ ನಿಸರ್ಗಧಾಮಕ್ಕೆ ಹೊಂದಿಕೊಂಡಿರುವ ಮೈದಾನವೇ ನಮಗೆ ಹತ್ತಿರದ್ದು. ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರ ಜೊತೆಯಲ್ಲಿ ಅಲ್ಲಿಗೆ ಹೋಗಿ ಆಟವನ್ನು ನೋಡುತ್ತ ನಿಂತಿದ್ದಾಗ, ಗುಳಿಯಿಂದ ಎಂಟು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಚೆಂಡನ್ನು ಆಟಗಾರರು ಒಡನೆಯೇ ಹೊಡೆಯದೆ, ಅದರ ಹಿಂದೆ ಒಂದು ನಾಣ್ಯವನ್ನು ಇಟ್ಟು, ಚೆಂಡನ್ನು ಎತ್ತಿ ಒರೆಸಿ, ಮರಳಿ ಅದೇ ಸ್ಥಳದಲ್ಲಿ ಇಡುವಾಗ ಅದನ್ನು ಎರಡು ಬೆರಳುಗಳ ನಡುವೆ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುತ್ತಿದ್ದುದನ್ನು ಕಂಡೆ. ಚೆಂಡಿನ ಮೇಲೆ ಕಪ್ಪು ಶಾಯಿಯ ಒಂದು ಗೆರೆಯಿತ್ತು. ಆ ಗೆರೆಯ ಮೂತಿ ತಾವು ಮನಸ್ಸಿನಲ್ಲಿ ನಿಶ್ಚಯಿಸಿದ ದಾರಿಗೆ ಸರಿಯಾಗಿ ನಿಂತ ಮೇಲೆಯೇ ಅವರು ನಾಣ್ಯವನ್ನು ತೆಗೆದು ಎದ್ದು ನಿಂತರು. ಮಸಿಯ ನೂಲನ್ನು ಮೀಟುವ ಮುನ್ನ ದಿಮ್ಮಿಯ ತುದಿಯಲ್ಲಿ ಒಂದು ಕಣ್ಣು ಮುಚ್ಚಿ ಕುಳಿತಿರುತ್ತಿದ್ದ ಮುದುಕನ ಮುಖ ನನಗೆ ಆ ಕ್ಷಣದಲ್ಲಿ ಎದುರಾಯಿತು. ಅಂದಿನಿಂದ ಈ ಗೆರೆಯ ಪೂರ್ವೋತ್ತರವನ್ನು ವಿಚಾರಿಸಬೇಕೆಂಬ ಆಸೆ ನನ್ನನ್ನು ಬಿಡಲಿಲ್ಲ. ವಿಚಾರಿಸಿದಂತೆಲ್ಲ ಅದು ನಾನು ಎಣಿಸಿದ್ದಕ್ಕಿಂತ ವಿಸ್ತಾರವಾದ ಕಥೆಯೆಂದು ತಿಳಿದುಬಂತು.

ಆಟವನ್ನು ಅರಿಯದವರಿಗೆ ಎರಡು ಮಾತು ಹೇಳಬೇಕು. ದೂರದಿಂದ ಹೊಡೆದು ತಂದ ಚೆಂಡನ್ನು, ನುಣುಪಾಗಿ ಕತ್ತರಿಸಿದ ಹುಲ್ಲಿನ ಹಾಸಿನ ಮೇಲೆ, ಪಟ್ಟರ್ ಎಂಬ ಚಪ್ಪಟೆ ಮೂತಿಯ ಕೋಲಿನಿಂದ ಮೆಲ್ಲನೆ ಉರುಳಿಸಿ ಗುಳಿಗೆ ಸೇರಿಸುವುದಕ್ಕೆ ಪಟ್ಟಿಂಗ್ ಎಂದೂ ಅಂಥ ಹೊಡೆತಕ್ಕೆ ಪಟ್ ಎಂದೂ ಹೆಸರು. ಹದಿನೆಂಟು ಗುಳಿಗಳ ಮೈದಾನವೊಂದಕ್ಕೆ 72 ಹೊಡೆತಗಳು ಪ್ರಮಾಣವೆಂದು ಗೊತ್ತುಮಾಡುವಾಗ ಗುಳಿಗೆ ಎರಡರಂತೆ 36 ಹೊಡೆತಗಳನ್ನು ಈ ಉರುಳಿಸುವಿಕೆಗೇ ಎತ್ತಿಡುವರೆಂದರೆ, ಆಟದ ಅರ್ಧಭಾಗ ಬಲದ್ದಲ್ಲ, ಗುರಿಯದ್ದು ಎಂದಾಯಿತು. ಗುಳಿಯ ಅಗಲ ನಾಲ್ಕೂಕಾಲು ಅಂಗುಲ, ಎಂದರೆ 108 ಮಿಲಿಮೀಟರು; ಚೆಂಡಿನ ವ್ಯಾಸ 42.67 ಮಿಲಿಮೀಟರಿಗೆ ಕಡಮೆಯಾಗಕೂಡದು. ಮೂರು ಮೀಟರು ದೂರದಿಂದ ಸಮತಲದ ಮೇಲೆ ಉರುಳಿಸಿದ ಚೆಂಡು, ಗುಳಿಯ ನಡುವಿನಿಂದ ಒಂದು ಡಿಗ್ರಿಗಿಂತ ತುಸುವೇ ಹೆಚ್ಚು ವಾಲಿದರೂ ಅದರ ಕೇಂದ್ರ ಗುಳಿಯ ಅಂಚನ್ನು ದಾಟಿ ಹೊರಗೆ ಬೀಳುವುದು. ಆ ಒಂದು ಡಿಗ್ರಿ ಚೆಂಡಿನ ಮೈಮೇಲೆ ಎಷ್ಟಾಗುವುದೆಂದು ಲೆಕ್ಕ ಹಾಕಿ ನೋಡಿದೆ: ಒಂದು ಮಿಲಿಮೀಟರಿನ ಹತ್ತು ಭಾಗಗಳಲ್ಲಿ ನಾಲ್ಕು ಭಾಗವೂ ಪೂರ್ತಿಯಾಗುವುದಿಲ್ಲ. ಎಂದರೆ ಗೆರೆಯನ್ನು ಎಳೆದ ಲೇಖನಿಯ ಮೂತಿಯ ದಪ್ಪವೇ ಗೆಲುವಿಗೂ ಸೋಲಿಗೂ ನಡುವಣ ಅಂತರಕ್ಕಿಂತ ಹೆಚ್ಚಿನದು. ಪಿಲಿಕುಳದಲ್ಲಿ ನಾನು ಕಂಡ ಆ ಕೂದಲೆಳೆಯ ತಿರುಗಾಟ ಚಪಲವಾಗಿರಲಿಲ್ಲ.

ಇತಿಹಾಸದ ಆರಂಭದಲ್ಲಿಯೇ ಒಂದು ನಿಷೇಧವಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಸೇರಿದ ಲೀತ್ ಎಂಬ ರೇವಿನ ಮೈದಾನದಲ್ಲಿ ಆಡುತ್ತಿದ್ದ ಗಾಲ್ಫ್ ಆಟಗಾರರು 1744ರಲ್ಲಿ, ಬೆಳ್ಳಿಯ ಕೋಲೊಂದನ್ನು ಪಣವಾಗಿಟ್ಟ ಸ್ಪರ್ಧೆಗಾಗಿ ಹದಿಮೂರು ನಿಯಮಗಳನ್ನು ಬರೆದಿಟ್ಟರು. ಈಗ ದೊರೆಯುವ ಗಾಲ್ಫ್ ನಿಯಮಾವಳಿಗಳಲ್ಲಿ ಅದೇ ಪ್ರಾಚೀನವಾದುದು. ಆ ಹದಿಮೂರರಲ್ಲಿ ಒಂದು, ಚೆಂಡನ್ನು ಗುಳಿಗೆ ಸೇರಿಸುವ ಹೊತ್ತಿನಲ್ಲಿ ಯಾರೊಬ್ಬನೂ ತನ್ನ ಕೋಲಿನಿಂದಾಗಲಿ ಇನ್ನಾವುದರಿಂದಾಗಲಿ ಗುಳಿಯವರೆಗಿನ ದಾರಿಯನ್ನು ಗುರುತುಮಾಡಕೂಡದೆಂದು ವಿಧಿಸುವುದು. ಹದಿಮೂರೇ ನಿಯಮಗಳನ್ನು ಬರೆದವರು ಅವುಗಳಲ್ಲೊಂದನ್ನು ಇದಕ್ಕಾಗಿ ವೆಚ್ಚಮಾಡಿದರೆಂಬುದನ್ನು ಗಮನಿಸಬೇಕು. ನಡೆಯದೆ ಇದ್ದುದನ್ನು ಯಾರೂ ನಿಷೇಧಿಸುವುದಿಲ್ಲ. ಆದುದರಿಂದ ನೆಲದ ಮೇಲೆ ಗೆರೆ ಕೊರೆದು ಆ ಗೆರೆಯ ಮೇಲೆ ಚೆಂಡನ್ನು ಉರುಳಿಸುವ ಅಭ್ಯಾಸ ಅಷ್ಟರಲ್ಲಾಗಲೇ ಬಳಕೆಗೆ ಬಂದು ಜಗಳಕ್ಕೂ ಕಾರಣವಾಗಿದ್ದಿರಬೇಕೆಂದು ನಾನು ಊಹಿಸುತ್ತೇನೆ. ನೆಲ ಎಲ್ಲರದು. ಒಬ್ಬನು ಕೊರೆದ ಗೆರೆ ಅವನ ಹಿಂದೆ ಬರುವವನಿಗೆ ಅಡ್ಡಿಯಾಗಬಹುದು, ಇಲ್ಲವೆ ಸಲ್ಲದ ಸಹಾಯವಾಗಬಹುದು. ಈ ನಿಷೇಧದ ತಿರುಳು ಇಂದಿನ ನಿಯಮಾವಳಿಯಲ್ಲಿಯೂ ಜೀವಂತವಾಗಿದೆ: ದಾರಿಯನ್ನು ತೋರಿಸುವುದಕ್ಕಾಗಿ ಹಾಸಿನ ಮೇಲೆ ಯಾವ ವಸ್ತುವನ್ನೂ ಇಡುವಂತಿಲ್ಲ.

ನೆಲವನ್ನು ಬಿಟ್ಟರೆ ಗೆರೆಗೆ ಉಳಿದ ಸ್ಥಳಗಳು ಎರಡೇ, ಕೋಲು ಮತ್ತು ಚೆಂಡು. ಅದು ಚೆಂಡಿಗೆ ಏರಿದ ಬಗೆ ವಿಚಿತ್ರವಾದುದು. ಏಕೆಂದರೆ ಗುರಿಯ ಗುರುತಾಗುವುದಕ್ಕೆ ಬಹುಕಾಲ ಮುಂಚೆಯೇ ಅಲ್ಲಿ ಬೇರೆಯವರ ಗುರುತುಗಳು ಮನೆಮಾಡಿದ್ದವು. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಗಾಲ್ಫ್ ಚೆಂಡೆಂದರೆ ತೊಗಲಿನ ಸಣ್ಣ ಚೀಲಕ್ಕೆ ಬೇಯಿಸಿದ ಪುಕ್ಕಗಳನ್ನು ಕಬ್ಬಿಣದ ಕಡ್ಡಿಯಿಂದ ತುರುಕಿ ಹೊಲಿದ ಗುಂಡು. ಒಂದು ಚೆಂಡಿಗೆ ಒಂದು ಟೋಪಿಯ ತುಂಬ ಪುಕ್ಕ ಬೇಕಾಗುತ್ತಿತ್ತು. ಎದೆಗೆ ಒತ್ತಿ ಮಾಡಬೇಕಾದ ಆ ಕೆಲಸದಲ್ಲಿ ಕುಶಲಿಯಾದವನಿಗೂ ದಿನಕ್ಕೆ ಮೂರು ನಾಲ್ಕು ಚೆಂಡುಗಳಿಗಿಂತ ಹೆಚ್ಚು ಸಾಧ್ಯವಾಗುತ್ತಿರಲಿಲ್ಲ. ಸೇಂಟ್ ಆಂಡ್ರೂಸಿನ ಅಲನ್ ರಾಬರ್ಟ್‌ಸನ್ ಮೊದಲಾದ ಚೆಂಡುಗಾರರು ತಮ್ಮ ಹೆಸರನ್ನೂ ತೂಕದ ಅಂಕಿಯನ್ನೂ ತೊಗಲಿನ ಮೇಲೆ ಅಚ್ಚೊತ್ತುತ್ತಿದ್ದರು. ಅದು ಕಸುಬಿನವನ ಮಾನದ ಮುದ್ರೆ. ಗುರಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಇನ್ನು ಮುಂದಿನ ಘಟ್ಟಕ್ಕೆ ಸಂಬಂಧಿಸಿದ ಒಂದು ಐತಿಹ್ಯವನ್ನು ಭಾರತೀಯನಾದವನು ಹೇಳದೆ ಬಿಡಲಾರ. 1840ರ ದಶಕದಲ್ಲಿ ಸೇಂಟ್ ಆಂಡ್ರೂಸಿನ ಪೇಟರ್ಸನ್ ಎಂಬವರ ಮನೆಗೆ ಪೂರ್ವದೇಶದಿಂದ ವಿಷ್ಣುವಿನ ಪ್ರತಿಮೆಯೊಂದು ಬಂತಂತೆ. ದಾರಿಯಲ್ಲಿ ಭಿನ್ನವಾಗದಂತೆ ಅದರ ಸುತ್ತ ಗಟ್ಟಾಪರ್ಚಾ ಎಂಬ ಮಲಯ ದೇಶದ ಮರದ ಗಟ್ಟಿಹಾಲಿನ ಚೂರುಗಳನ್ನು ತುಂಬಿದ್ದರಂತೆ. ಆ ಮನೆಯ ಬಡ ವಿದ್ಯಾರ್ಥಿಯಾಗಿದ್ದ ಮಗನು ಆ ಚೂರುಗಳನ್ನು ಬಿಸಿನೀರಿನಲ್ಲಿ ಮೆದುಮಾಡಿ ಉಂಡೆ ಕಟ್ಟಿ ಆಡಿ ನೋಡಿದನಂತೆ. ಐತಿಹ್ಯವೆಷ್ಟು, ಸತ್ಯವೆಷ್ಟು ಎಂಬುದನ್ನು ಬದಿಗಿಟ್ಟರೂ 1848ರ ಸುಮಾರಿಗೆ ಗಟ್ಟಾಪರ್ಚಾದ ಚೆಂಡು ಪುಕ್ಕದ ಚೆಂಡನ್ನು ಸ್ಥಾನಭ್ರಷ್ಟಗೊಳಿಸತೊಡಗಿದ್ದು ನಿಜ. ಮೊದಮೊದಲು ನುಣುಪಾಗಿದ್ದ ಈ ಚೆಂಡು ಗಾಳಿಯಲ್ಲಿ ಬೇಗ ಕುಸಿಯುತ್ತಿತ್ತು. ಹೊಡೆತ ತಿಂದು ಗಾಯಗೊಂಡ ಹಳೆಯ ಚೆಂಡು ಹೊಸದಕ್ಕಿಂತ ಚೆನ್ನಾಗಿ ಹಾರುವುದನ್ನು ಕಂಡ ಮೇಲೆ, ಚೆಂಡುಗಾರರು ಸುತ್ತಿಗೆಯಿಂದಲೇ ಅದರ ಮೈಯ ಮೇಲೆ ಗೆರೆಗಳನ್ನು ಕೆತ್ತತೊಡಗಿದರು. ಹಾರಾಟಕ್ಕಾಗಿ ಕೆತ್ತಿದ ಈ ಗೆರೆಗಳು ಮೈತುಂಬ ಹರಡಿದ ಬಲೆಯಂತಿದ್ದುದರಿಂದ ದಿಕ್ಕನ್ನು ತೋರಿಸುವಂತಿರಲಿಲ್ಲ. 1898ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ರಬ್ಬರಿನ ಎಳೆಯನ್ನು ಸುತ್ತಿ ಚೆಂಡು ಮಾಡುವ ಕ್ರಮವನ್ನು ಕಂಡುಹಿಡಿದನು. ಏಳು ವರ್ಷಗಳ ಬಳಿಕ ಇಂಗ್ಲೆಂಡಿನ ವಿಲಿಯಂ ಟೇಲರ್, ಆಗ ಚೆಂಡಿನ ಮೈಮೇಲಿರುತ್ತಿದ್ದ ಉಬ್ಬುಗಳಿಗೆ ಬದಲಾಗಿ ಸಣ್ಣ ಕುಳಿಗಳನ್ನು ಒತ್ತುವ ಕ್ರಮಕ್ಕೆ ಹಕ್ಕುಪತ್ರ ಕೋರಿದನು. ಇಂದಿನ ಚೆಂಡಿನ ಮುಖಲಕ್ಷಣ ಅಲ್ಲಿಗೆ ನಿಶ್ಚಿತವಾಯಿತು.

ಮುಂದಿನ ಸಂಗತಿ ನನಗೆ ಈ ಕಥೆಯಲ್ಲೆಲ್ಲ ಅತ್ಯಂತ ಪ್ರಿಯವಾದುದು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ರಬ್ಬರಿನ ಕಾರ್ಖಾನೆಯೊಂದರ ಒಡೆಯನಾಗಿದ್ದ ಫಿಲ್ ಯಂಗ್ ಎಂಬವನು 1930ರ ದಶಕದ ಆರಂಭದಲ್ಲಿ ಮಿತ್ರನೊಬ್ಬನೊಡನೆ ಆಡುತ್ತಿದ್ದಾಗ, ಲೋಪವಿಲ್ಲದೆ ಹೊಡೆದೆನೆಂದು ತನಗೆ ದೃಢವಾಗಿದ್ದ ಪಟ್ಟೊಂದು ಗುಳಿಯನ್ನು ತಪ್ಪಿಸಿಕೊಂಡು ಹೋಯಿತು. ಉಳಿದವರಾದರೆ ತಮ್ಮ ಕೈಯನ್ನು ಹಳಿದುಕೊಂಡು ಸುಮ್ಮನಾಗುತ್ತಿದ್ದರು. ಇವನು ಚೆಂಡನ್ನು ಶಂಕಿಸಿದನು. ಜೊತೆಯಲ್ಲಿದ್ದ ಮಿತ್ರನು ಆಸ್ಪತ್ರೆಯೊಂದರ ಕ್ಷಕಿರಣ ವಿಭಾಗದ ಮುಖ್ಯಸ್ಥನಾಗಿದ್ದುದರಿಂದ, ರೋಗಿಯ ಎಲುಬನ್ನು ನೋಡುವ ಯಂತ್ರದಲ್ಲಿ ಚೆಂಡನ್ನು ಇರಿಸಿ ಚಿತ್ರ ತೆಗೆದರು. ಅದರ ಒಳತಿರುಳು ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಸರಿದಿತ್ತು. ಬೇರೆ ಚೆಂಡುಗಳನ್ನು ಪರೀಕ್ಷಿಸಿದಾಗಲೂ ಅದೇ ದೋಷ ಕಂಡಿತು. ನಡುವಿನಲ್ಲಿ ತಿರುಳಿರುವ ಚೆಂಡನ್ನು ತಾನೇ ಮಾಡುವೆನೆಂದು ಹೊರಟ ಅವನ ಪ್ರಯತ್ನದಿಂದ 1935ರಲ್ಲಿ ಟೈಟ್ಲಿಸ್ಟ್ ಎಂಬ ಚೆಂಡು ಹೊರಬಂತು. ಅದರ ಮೇಲೆ ಅಚ್ಚಾದ ಹೆಸರಿನ ಅಕ್ಷರಗಳು ಕಾರ್ಖಾನೆಯ ಕಚೇರಿಯಲ್ಲಿ ಸುಂದರವಾದ ಬರವಣಿಗೆಗೆ ಹೆಸರಾಗಿದ್ದ ಹೆಲೆನ್ ರಾಬಿನ್ಸನ್ ಎಂಬಾಕೆಯ ಕೈಬರಹವೆಂದು ಆ ಸಂಸ್ಥೆಯವರೇ ಹೇಳುತ್ತ ಬಂದಿದ್ದಾರೆ. ಎಡದಿಂದ ಬಲಕ್ಕೆ ಸಮನಾಗಿ ಹರಿದ ಆ ಅಕ್ಷರಪಂಕ್ತಿಯನ್ನು ದಾರಿಗೆ ಸರಿಯಾಗಿ ತಿರುಗಿಸಿಟ್ಟು ಹೊಡೆಯುವ ಅಭ್ಯಾಸ ಮುಂದೆ ಎಷ್ಟೋ ಆಟಗಾರರಿಗೆ ಬಂತು. ಮಾರಾಟಕ್ಕಾಗಿ ಬರೆದ ಹೆಸರು ಗುರಿಯ ಕೈಮರವಾಯಿತು; ಕಚೇರಿಯ ಹೆಣ್ಣೊಬ್ಬಳ ಲೇಖನಿ ಸಾವಿರಾರು ಮಂದಿಯ ಕಣ್ಣಿಗೆ ನೂಲು ಹಿಡಿಯಿತು.

ಆದರೆ ಹೆಸರು ಅಚ್ಚಾದ ಮಾತ್ರಕ್ಕೆ ಅದನ್ನು ತಿರುಗಿಸುವ ಸ್ವಾತಂತ್ರ್ಯ ಬರಲಿಲ್ಲ. ಗಾಲ್ಫಿನ ಹಳೆಯ ಧರ್ಮದಲ್ಲಿ ಚೆಂಡನ್ನು ಬಿದ್ದಲ್ಲಿಂದ, ಬಿದ್ದಂತೆಯೇ ಆಡತಕ್ಕದ್ದು. ಎದುರಾಳಿಯ ಚೆಂಡು ನಮ್ಮ ಚೆಂಡಿಗೂ ಗುಳಿಗೂ ನಡುವೆ ಕುಳಿತಿದ್ದರೂ ಎರಡೂ ಒಂದಕ್ಕೊಂದು ತೀರ ಹತ್ತಿರವಾಗಿದ್ದ ಹೊರತು ಅದನ್ನು ತೆಗೆಸುವಂತಿರಲಿಲ್ಲ. ಅದನ್ನು ಬಳಸಿಯೋ ಹಾರಿಸಿಯೋ ಆಡಬೇಕಾಗಿತ್ತು. ಸ್ಟೈಮಿ ಎಂದು ಕರೆಯುತ್ತಿದ್ದ ಈ ಅಡ್ಡಿಯನ್ನು 1952ರಲ್ಲಿ, ಬ್ರಿಟನ್ನಿನ ಮತ್ತು ಅಮೆರಿಕದ ಆಡಳಿತ ಸಂಸ್ಥೆಗಳೆರಡೂ ಕೂಡಿ ರಚಿಸಿದ ನಿಯಮಾವಳಿಯು ತೆಗೆದುಹಾಕಿತು. 1960ರಲ್ಲಿ ಹಾಸಿನ ಮೇಲೆ ಚೆಂಡನ್ನು ಎತ್ತಿ ಒರೆಸುವುದಕ್ಕೂ ಅವಕಾಶ ದೊರೆಯಿತು. ಈ ಎರಡು ಸಂಗತಿಗಳನ್ನು ಗೆರೆಯ ಇತಿಹಾಸದ ನಿಜವಾದ ಬಾಗಿಲೆಂದು ನಾನು ತಿಳಿಯುತ್ತೇನೆ. ಎತ್ತಲಾಗದ ಚೆಂಡಿನ ಮೇಲೆ ಗೆರೆಯಿದ್ದರೇನು, ಅದು ಆಕಾಶವನ್ನು ನೋಡುತ್ತಿರಬಹುದು, ಹುಲ್ಲನ್ನು ನೋಡುತ್ತಿರಬಹುದು. ಎತ್ತಿ ಮರಳಿ ಇಡುವ ಹಕ್ಕು ಬಂದ ದಿನ, ಇಡುವ ಬಗೆಯನ್ನು ಆರಿಸಿಕೊಳ್ಳುವ ಹಕ್ಕೂ ಅದರ ಬೆನ್ನಿಗೇ ಬಂತು. ಮಣ್ಣು ಒರೆಸುವುದಕ್ಕಾಗಿ ಕೊಟ್ಟ ಅನುಮತಿಯ ಮರೆಯಲ್ಲಿ, 1744ರಲ್ಲಿ ನೆಲದಿಂದ ಹೊರದೂಡಿದ ಗೆರೆ ಚೆಂಡಿನ ಬೆನ್ನೇರಿ ಮರಳಿ ಮೈದಾನವನ್ನು ಪ್ರವೇಶಿಸಿತು. ನಿಯಮವನ್ನು ಕಾಯುವವರು ಅದನ್ನು ಕಂಡರು, ವಿಚಾರಿಸಿದರು, ದೋಷವಲ್ಲವೆಂದು ತೀರ್ಮಾನಿಸಿದರು. ನೆಲ ಎಲ್ಲರದಾದರೆ ಚೆಂಡು ಅವನವನದು. ಅದರ ಮೇಲಣ ಗುರುತು ಮತ್ತೊಬ್ಬನ ಆಟವನ್ನು ಮುಟ್ಟುವುದಿಲ್ಲ. ಈ ವಿವೇಚನೆ ನನಗೆ ನ್ಯಾಯವಾಗಿಯೇ ತೋರುತ್ತದೆ.

ನಮ್ಮ ನಾಡಿನಲ್ಲಿ ಈ ಆಟಕ್ಕೆ ದೀರ್ಘವಾದ ಚರಿತ್ರೆಯಿದೆ. 1829ರಲ್ಲಿ ಸ್ಕಾಟ್ಲೆಂಡಿನ ಮಸಲ್‌ಬರೋದಲ್ಲಿ ನಾಲ್ಕೂಕಾಲು ಅಂಗುಲದ ಗುಳಿ ತೆಗೆಯುವ ಉಪಕರಣ ಬಳಕೆಗೆ ಬಂದ ವರ್ಷವೇ ಕಲ್ಕತ್ತೆಯಲ್ಲಿ ಗಾಲ್ಫ್ ಸಂಘ ಸ್ಥಾಪಿತವಾಯಿತು. ಆ ಅಳತೆ ಎಲ್ಲೆಡೆಗೂ ಕಡ್ಡಾಯವಾದದ್ದು 1891ರಲ್ಲಿ. ಅಷ್ಟರೊಳಗೆ, 1876ರಲ್ಲಿ, ಬೆಂಗಳೂರಿನ ಗಾಲ್ಫ್ ಕ್ಲಬ್ಬು ಹುಟ್ಟಿತ್ತು. ಹೈ ಗ್ರೌಂಡ್ಸಿನ ಆ ಮೈದಾನ ಈಗಲೂ ನಗರದ ನಡುವೆ ಉಳಿದಿದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೋಲಾರದ ಚಿನ್ನದ ಗಣಿಯ ಕೆಲಸವನ್ನು ಕೈಗೊಂಡ ಬಳಿಕ ಅಲ್ಲಿಗೆ ಬಂದ ಆಂಗ್ಲ ಅಧಿಕಾರಿಗಳು ತಮ್ಮ ಮನೋರಂಜನೆಗೆ ಒಂದು ಮೈದಾನವನ್ನು ಮಾಡಿಕೊಂಡರು. ನೀರಿನ ಅಭಾವವಿದ್ದ ಆ ಬಯಲಿನಲ್ಲಿ ಹಸಿರು ಹಾಸನ್ನು ಸಾಕುವುದು ಸಾಧ್ಯವಿಲ್ಲದ್ದರಿಂದ ಗುಳಿಯ ಸುತ್ತ ಮರಳನ್ನು ಹರಡಿ ಸಮಮಾಡುತ್ತಿದ್ದರು. ಬಣ್ಣದಿಂದಾಗಿ ಅದಕ್ಕೆ ಬ್ರೌನ್ ಎಂದು ಹೆಸರು. ಇಂಥ ಹಾಸಿನ ಮೇಲೆ ಹೆಜ್ಜೆ ಊರಿದರೆ ಹೆಜ್ಜೆಯ ಗುರುತು, ಚೆಂಡು ಉರುಳಿದರೆ ಉರುಳಿದ ಗುರುತು ಉಳಿಯುವುದು. ಪ್ರತಿ ಸಲವೂ ಅದನ್ನು ಅಳಿಸಿ ಸಮಗೊಳಿಸಬೇಕು. ಮರಳಿನ ಮೇಲೆ ತನ್ನ ಚೆಂಡು ಬರೆದುಹೋದ ರೇಖೆಯನ್ನು ನೋಡಿ ತನ್ನ ತಪ್ಪನ್ನು ಓದಿಕೊಳ್ಳುವ ಅವಕಾಶ ಹುಲ್ಲಿನವನಿಗೆ ಇಲ್ಲ, ಮರಳಿನವನಿಗಿತ್ತು.

ಆದರೆ ಈ ಮೈದಾನಗಳಲ್ಲೆಲ್ಲ ಗೆರೆಯ ಕೆಲಸವನ್ನು ನಿಜವಾಗಿ ನಿರ್ವಹಿಸುತ್ತಿದ್ದುದು ಶಾಯಿಯಲ್ಲ, ಮನುಷ್ಯ. ಸುತ್ತಲಿನ ಕೇರಿಗಳಿಂದ, ಹಳ್ಳಿಗಳಿಂದ ಬಂದು ಆಟಗಾರರ ಕೋಲುಗಳ ಚೀಲವನ್ನು ಹೊರುತ್ತಿದ್ದ ಕ್ಯಾಡಿಗಳಿಗೆ ಪ್ರತಿಯೊಂದು ಹಾಸಿನ ಇಳಿಜಾರೂ ಮನೆಯ ಅಂಗಳದಷ್ಟು ಪರಿಚಿತ. ಒಡೆಯನ ಹಿಂದೆ ಬಗ್ಗಿ ಕುಳಿತು, ಒಂದು ಅಂಗುಲ ಎಡಕ್ಕೆ, ಅರ್ಧ ಅಂಗುಲ ಬಲಕ್ಕೆ ಎಂದು ತಿದ್ದುತ್ತಿದ್ದ ಆ ಕಣ್ಣುಗಳ ಹೆಸರು ಯಾವ ಫಲಕದ ಮೇಲೆಯೂ ಇಲ್ಲ. ಇದು ನನ್ನನ್ನು ನೋಯಿಸುತ್ತದೆ. ಆದುದರಿಂದಲೇ, ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೆಳೆದ ಸಿ. ಮುನಿಯಪ್ಪನವರು 2009ರಲ್ಲಿ ಕೊರಿಯಾದ ಆಟಗಾರನನ್ನು ಹೆಚ್ಚುವರಿ ಗುಳಿಯಲ್ಲಿ ಸೋಲಿಸಿ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಗೆದ್ದುದನ್ನು ಕುರಿತು ಓದುವಾಗ ನನಗಾದ ಸಂತೋಷ ಒಬ್ಬ ಆಟಗಾರನ ವಿಜಯದಿಂದ ಮಾತ್ರ ಆದುದಲ್ಲ. ಪರರ ದಾರಿಯನ್ನು ನೋಡುತ್ತಿದ್ದ ಕಣ್ಣು ಒಮ್ಮೆ ತನ್ನ ದಾರಿಯನ್ನೇ ನೋಡಿಕೊಂಡಿತೆಂಬುದರಿಂದ ಆದುದು.

2019ರ ಜನವರಿಯಿಂದ ಜಾರಿಗೆ ಬಂದ ನಿಯಮವು ಈ ಸಹಾಯಕ್ಕೆ ಒಂದು ಮಿತಿಯನ್ನು ಹಾಕಿತು. ಆಟಗಾರನು ಹೊಡೆಯಲು ಕಾಲೂರತೊಡಗಿದ ಮೇಲೆ ಕ್ಯಾಡಿಯು ಅವನ ಹಿಂದೆ, ದಾರಿಯ ನೇರದಲ್ಲಿ ನಿಲ್ಲಕೂಡದು. ಗುರಿ ಹಿಡಿಯುವುದು ಆಟಗಾರನದೇ ಕೌಶಲವಾಗಿರಬೇಕೆಂಬುದು ಇದರ ಆಶಯ. ಮನುಷ್ಯನ ಕಣ್ಣನ್ನು ಹೊರಗೆ ನಿಲ್ಲಿಸಿದ ಅದೇ ನಿಯಮಾವಳಿ ಚೆಂಡಿನ ಗೆರೆಯನ್ನು ಮಾತ್ರ ಒಳಗೇ ಉಳಿಸಿಕೊಂಡಿತು. ಬೆಂಗಳೂರಿನ ಅದಿತಿ ಅಶೋಕ್ 2016ರ ರಿಯೊ ಒಲಿಂಪಿಕ್ಸಿನಲ್ಲಿ ಆಡಿದಾಗ ಕೋಲುಗಳ ಚೀಲವನ್ನು ಹೊತ್ತವರು ಅವರ ತಂದೆ. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಆಡಿದಾಗ ತಾಯಿ. ಆ ಕೊನೆಯ ದಿನ ಒಂದೇ ಒಂದು ಹೊಡೆತದ ಅಂತರದಿಂದ ಅವರಿಗೆ ಕಂಚಿನ ಪದಕ ತಪ್ಪಿ ನಾಲ್ಕನೆಯ ಸ್ಥಾನ ದೊರೆಯಿತು. ಗಾಲ್ಫನ್ನು ಎಂದೂ ನೋಡದಿದ್ದ ಮನೆಗಳಲ್ಲಿಯೂ ಅಂದು ಮುಂಜಾನೆ ದೂರದರ್ಶನದ ಮುಂದೆ ಜನ ಉಸಿರು ಬಿಗಿಹಿಡಿದು ಕುಳಿತಿದ್ದರು. ಹದಿನೆಂಟನೆಯ ಗುಳಿಯ ಬಳಿ ಕೊನೆಯ ಪಟ್ಟಿಗೆ ಆಕೆ ಕಾಲೂರಿದಾಗ, ಜನ್ಮಕೊಟ್ಟ ತಾಯಿಯೇ ಆದರೂ ಆ ದಾರಿಯ ನೇರದಲ್ಲಿ ಹಿಂದೆ ನಿಲ್ಲುವಂತಿರಲಿಲ್ಲ.

ಈಚಿನ ವರ್ಷಗಳಲ್ಲಿ ಗೆರೆಯು ಶಾಸ್ತ್ರದ ಬೆಂಬಲವನ್ನು ಪಡೆದಿದೆ. ಮೊದಲು ಆಟಗಾರರು ತಾವೇ ಲೇಖನಿಯಿಂದ ಎಳೆದುಕೊಳ್ಳುತ್ತಿದ್ದರು. ಗೆರೆ ಸೊಟ್ಟಗಾಗದಿರಲೆಂದು ಚೆಂಡಿನ ಮೇಲೆ ತೊಡಿಸುವ, ಸೀಳಿರುವ ಪ್ಲಾಸ್ಟಿಕ್ ಚಿಪ್ಪುಗಳು ಅಂಗಡಿಗೆ ಬಂದವು. ಕೋಲಿನ ಮೇಲೆಯೂ ಪ್ರಯೋಗಗಳು ನಡೆದವು: ಮೊದಲು ನಾಸಾದಲ್ಲಿ ವಿಜ್ಞಾನಿಯಾಗಿದ್ದ ಡೇವ್ ಪೆಲ್ಜ್ ಪಟ್ಟರಿನ ಬೆನ್ನಿನ ಮೇಲೆ ಚೆಂಡಿನಷ್ಟೇ ಅಗಲದ ಬಿಳಿಯ ವೃತ್ತಗಳನ್ನು ಸಾಲಾಗಿ ಇಡುವ ಯೋಜನೆಯನ್ನು ಮಾಡಿದರು, ಆ ಯೋಜನೆಯ ಮೇಲೆ ರೂಪುಗೊಂಡ ಎರಡು ವೃತ್ತಗಳ ಪಟ್ಟರ್ 2001ರಿಂದೀ ಕಡೆಗೆ ಬಹಳ ಪ್ರಚಾರ ಪಡೆಯಿತು. 2019ರಲ್ಲಿ ಕ್ಯಾಲವೇ ಸಂಸ್ಥೆಯವರು ಚೆಂಡಿನ ಮೇಲೆ ಒಂದರ ಬದಲು ಮೂರು ಸಮಾನಾಂತರ ಗೆರೆಗಳನ್ನು ಅಚ್ಚುಮಾಡಿದರು. ಎರಡು ಗೆರೆಗಳು ಒಂದರ ನೇರಕ್ಕೊಂದು ಇವೆಯೋ ಇಲ್ಲವೋ ಎಂಬುದನ್ನು ನಮ್ಮ ಕಣ್ಣು ಅತಿ ಸೂಕ್ಷ್ಮವಾಗಿ ಹಿಡಿಯಬಲ್ಲದೆಂಬುದೇ ಇದರ ಆಧಾರ. ವಿಜ್ಞಾನದ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಹಿಡಿಯುವ ವರ್ನಿಯರ್ ಮಾಪಕ ನಿಂತಿರುವುದು ಈ ಶಕ್ತಿಯ ಮೇಲೆಯೇ, ವಿಮಾನವಾಹಕ ನೌಕೆಯ ಮೇಲೆ ವಿಮಾನವನ್ನು ಇಳಿಸುವವನಿಗೆ ನೆರವಾಗುವುದೂ ಇದೇ ಶಕ್ತಿ.

ಗೆರೆಯನ್ನು ಆಕ್ಷೇಪಿಸುವವರೂ ಇದ್ದಾರೆ. ಚೆಂಡನ್ನು ಇಟ್ಟು, ತಿರುಗಿಸಿ, ಎದ್ದು, ಮತ್ತೆ ಕುಳಿತು ತಿದ್ದುವುದರಲ್ಲಿ ಕಾಲಹರಣವಾಗುವುದೆಂಬುದು ಒಂದು ಮಾತು. ನೇರವನ್ನು ಚೆಂಡೇ ತೋರಿಸಿದರೆ ಆಟಗಾರನ ಕಣ್ಣಿಗೆ ಏನು ಕೆಲಸ ಉಳಿಯಿತೆಂಬುದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ. ಇಳಿಜಾರನ್ನು ನೋಡಿ, ಹುಲ್ಲಿನ ಒಲವನ್ನು ನೋಡಿ, ಚೆಂಡು ಎಲ್ಲಿ ಬಾಗುವುದೆಂದು ಎಣಿಸಿ ದಾರಿಯನ್ನು ನಿಶ್ಚಯಿಸುವುದು ಕಣ್ಣಿನ ಕೆಲಸ. ಅದನ್ನು ಗೆರೆ ಮಾಡುವುದಿಲ್ಲ. ಕುಳಿತು ನೋಡುವಾಗ ಕಂಡ ದಾರಿ ಎದ್ದು ನಿಂತು ಪಕ್ಕದಿಂದ ನೋಡುವಾಗ ಬೇರೆಯಾಗಿ ಕಾಣುವುದು ಎಲ್ಲರ ಅನುಭವ. ಆ ಗಳಿಗೆಯ ಸಂದೇಹದಲ್ಲಿ ಕೈ ನಡುಗುವುದು. ಕಣ್ಣು ಒಮ್ಮೆ ಮಾಡಿದ ನಿಶ್ಚಯವನ್ನು ಕೈ ತನ್ನ ಕೆಲಸ ಮುಗಿಸುವವರೆಗೆ ಕಾಪಾಡಿಕೊಂಡಿರುವುದಷ್ಟೇ ಗೆರೆಯ ಸೇವೆ. ಅದಾದ ಬಳಿಕ ಅದು ಇನ್ನೊಂದು ಸೇವೆಯನ್ನೂ ಮಾಡುವುದು: ಹೊಡೆತ ಶುದ್ಧವಾಗಿದ್ದರೆ ಗೆರೆ ಅಲುಗಾಡದೆ ಒಂದೇ ಪಟ್ಟಿಯಂತೆ ಉರುಳುವುದು, ಓರೆಯಾಗಿದ್ದರೆ ತೂರಾಡುವುದು. ನಮ್ಮ ಕಂಬಳದ ನಿಶಾನೆ ಗುರಿಯೂ ಹೌದು, ಸಾಕ್ಷಿಯೂ ಹೌದು; ಇದೂ ಹಾಗೆಯೇ. ಭೇದವಿಷ್ಟೇ, ನಿಶಾನೆಯ ಬಟ್ಟೆ ಒದ್ದೆಯಾದುದನ್ನು ಕರೆಯ ಎರಡೂ ದಡಗಳ ಜನಸಮೂಹ ನೋಡುವುದು. ಚೆಂಡಿನ ಗೆರೆ ತೂರಾಡಿದ್ದನ್ನು ಹೊಡೆದವನೊಬ್ಬನೇ ನೋಡುವನು.

ಪಿಲಿಕುಳದ ಆಟಗಾರರು ಅಂದು ಹೊರಡುವಾಗ ತಮ್ಮ ಚೀಲದಿಂದ ಗೆರೆಯಿಲ್ಲದ ಚೆಂಡೊಂದನ್ನು ನನ್ನ ಕೈಗಿತ್ತು, ಗೆರೆ ಎಳೆಯುವುದಕ್ಕೆ ಮುಂಚೆ ಉಪ್ಪುನೀರಿನಲ್ಲಿ ತೇಲಿಸಿ ನೋಡುವ ಪದ್ಧತಿಯೊಂದು ಉಂಟೆಂದು ಹೇಳಿದರು. ಗಾಲ್ಫ್ ಚೆಂಡು ಬಾವಿಯ ನೀರಿನಲ್ಲಿ ಮುಳುಗುವುದು, ಸಮುದ್ರದ ನೀರಿನಲ್ಲಿಯೂ ಮುಳುಗುವುದು. ಉಪ್ಪು ಚೆನ್ನಾಗಿ ಏರಿದ ನೀರಿನಲ್ಲಿ ಮಾತ್ರ ತೇಲುವುದು. ತೇಲುವಾಗ ಅದರ ಭಾರದ ಭಾಗ ಕೆಳಗಾಗಿ ಹಗುರ ಭಾಗ ಮೇಲೆ ಬರುವುದು. ಎಷ್ಟು ಸಲ ತಿರುಗಿಸಿ ಬಿಟ್ಟರೂ ಅದೇ ಭಾಗ ಮೇಲೆ ಬರುವುದಾದರೆ ಚೆಂಡಿನ ತಿರುಳು ನಡುವಿನಲ್ಲಿಲ್ಲ. ಆಗ ಗೆರೆಯನ್ನು ಆ ಬಿಂದುವಿನ ಮೂಲಕವೇ ಹಾಯಿಸಬೇಕು, ಭಾರವು ಪಕ್ಕಕ್ಕೆಳೆಯದೆ ದಾರಿಯ ನೇರದಲ್ಲಿಯೇ ಸುತ್ತುವಂತೆ. ಫಿಲ್ ಯಂಗನಿಗೆ ಕ್ಷಕಿರಣ ಬೇಕಾಗಿದ್ದ ಪರೀಕ್ಷೆ ನಮ್ಮ ಅಡುಗೆಮನೆಯಲ್ಲಿ, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವ ಸೀಮೆಯ ಜನಕ್ಕೆ ಅಪರಿಚಿತವಲ್ಲದ ಗಟ್ಟಿ ಉಪ್ಪುನೀರಿನಿಂದ ನೆರವೇರಿತು. ನನ್ನ ಚೆಂಡು ಮೂರು ಸಲ ಮೂರು ಮುಖಗಳನ್ನು ತೋರಿಸಿತು. ಎಂದರೆ ಗೆರೆಯನ್ನು ಎಲ್ಲಿ ಬೇಕಾದರೂ ಎಳೆಯಬಹುದಾಗಿತ್ತು.

ಪ್ಲಾಸ್ಟಿಕ್ ಚಿಪ್ಪು ನನ್ನಲ್ಲಿ ಇರಲಿಲ್ಲ. ಒಂದು ನೂಲಿಗೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ ಚೆಂಡಿನ ಸುತ್ತ ಬಿಗಿದೆನು. ನಡುವನ್ನು ಬಿಟ್ಟು ಬೇರೆಡೆಗೆ ಸುತ್ತಿದಾಗಲೆಲ್ಲ ಅದು ಜಾರಿ ಕಳಚಿಕೊಂಡಿತು. ಗುಂಡಿನ ಮೇಲೆ ಬಿಗಿದ ನೂಲು ನಿಲ್ಲುವುದು ಅದರ ಅತ್ಯಂತ ದೊಡ್ಡ ಸುತ್ತಿನಲ್ಲಿ ಮಾತ್ರ. ಕೊನೆಗೆ ತಾನಾಗಿಯೇ ನಡುವನ್ನು ಕಂಡುಕೊಂಡು ನಿಂತ ನೂಲನ್ನು ಉಗುರಿನಿಂದ ಒತ್ತಿ ಬಿಡಿಸಿದಾಗ, ಚೆಂಡಿನ ಮೈಮೇಲೆ ರೇಖೆಯೊಂದು ಮೂಡಿತ್ತು. ಕುಳಿಗಳ ಒಳಗೆ ನೂಲು ಇಳಿಯದೆ ಅವುಗಳ ಅಂಚುಗಳನ್ನಷ್ಟೇ ಮುಟ್ಟಿದ್ದುದರಿಂದ, ಕಪ್ಪು ಬಿಂದುಗಳ ಒಂದು ಸಾಲಾಗಿ.